ಕಡಲ ಕಿಚ್ಚಿನ ಪಾಠ

ನೀರಿಗೂ ಬೆಂಕಿಗೂ ಹುಟ್ಟುಹಗೆ ಎಂಬುದು ಲೋಕದ ತಿಳಿವಳಿಕೆ. ನಮ್ಮ ಪೂರ್ವಿಕರಾದರೋ ಕಡಲಿನ ಒಡಲಲ್ಲಿಯೇ ಬೆಂಕಿಯೊಂದನ್ನು ಕಲ್ಪಿಸಿಕೊಂಡಿದ್ದರು. ಭೃಗುವಂಶದ ಔರ್ವನಿಗೆ ತನ್ನ ಕುಲವನ್ನು ಕೊಂದವರ ಮೇಲೆ ಹುಟ್ಟಿದ ಕೋಪವು ಲೋಕಗಳನ್ನೇ ಸುಡುವಂತಿದ್ದಿತು. ಪಿತೃಗಳು ಬಂದು ಸಮಾಧಾನ ಹೇಳಿದ ಮೇಲೆ ಅವನು ಆ ಕೋಪಾಗ್ನಿಯನ್ನು ಸಮುದ್ರದಲ್ಲಿ ವಿಸರ್ಜಿಸಿದನು. ಅದು ಕುದುರೆಯ ಮುಖವನ್ನು ತಳೆದು, ನೀರನ್ನೇ ಕುಡಿಯುತ್ತ, ಆರದೆ ಉಳಿಯಿತು ಎಂಬುದು ಮಹಾಭಾರತದ ಆದಿಪರ್ವದಲ್ಲಿ ಬರುವ ಕಥೆ. ಇದೇ ಬಡಬಾಗ್ನಿ. ಬಡಬೆ ಎಂದರೆ ಹೆಣ್ಣುಕುದುರೆ. ತರಗತಿಯಲ್ಲಿ ಕಾವ್ಯಪಾಠದ ನಡುವೆ ಈ ಮಾತು ಬಂದಾಗಲೆಲ್ಲ ಒಬ್ಬಿಬ್ಬರು ವಿದ್ಯಾರ್ಥಿಗಳಾದರೂ ಮುಸಿಮುಸಿ ನಗುವುದುಂಟು. ಸುತ್ತಲೂ ನೀರಿರುವಾಗ ಬೆಂಕಿ ಆರದೆ ಇರುವುದೆಂತು ಎಂಬುದು ಅವರ ಸಂದೇಹ.

ಆ ಸಂದೇಹಕ್ಕೆ ಉತ್ತರ 2025ರಲ್ಲಿ ನಮ್ಮ ಪಣಂಬೂರಿನ ದಕ್ಕೆಗೇ ಬಂದಿತು. ಆ ವರ್ಷದ ಜೂನ್ 9ರಂದು, ಕೊಲಂಬೊದಿಂದ ಮುಂಬಯಿಯ ಬಳಿಯ ನಾವಾ ಶೇವಾ ಬಂದರಿಗೆ ಹೊರಟಿದ್ದ ‘ವಾನ್ ಹೈ 503’ ಎಂಬ ಕಂಟೇನರು ಹಡಗು ಕೇರಳದ ತೀರದಾಚೆ ಸ್ಫೋಟಕ್ಕೆ ಈಡಾಗಿ ಹೊತ್ತಿಕೊಂಡಿತು. ಹಡಗಿನಲ್ಲಿದ್ದವರು 22 ಮಂದಿ. ಪಾರಾದ 18 ಮಂದಿಯನ್ನು ನಮ್ಮ ನೌಕಾಪಡೆಯ ‘ಐ.ಎನ್.ಎಸ್. ಸೂರತ್’ ಅಂದೇ ರಾತ್ರಿ ನವಮಂಗಳೂರು ಬಂದರಿಗೆ ಕರೆತಂದಿತು. ಸುಟ್ಟ ಗಾಯಗಳಾಗಿದ್ದವರನ್ನು ಮಂಗಳೂರಿನಲ್ಲಿ ಆಸ್ಪತ್ರೆಗೆ ಸೇರಿಸಲಾಯಿತು. ಉಳಿದ ನಾಲ್ವರು ಕಾಣೆಯಾದರು. ಕೋಸ್ಟ್ ಗಾರ್ಡಿನವರೂ ನೌಕಾಪಡೆಯವರೂ ದಿನಗಟ್ಟಲೆ ನೀರೆರಚಿ ಜ್ವಾಲೆಯನ್ನು ತಗ್ಗಿಸಿದರೂ, ಜುಲೈ ತಿಂಗಳಿನಲ್ಲಿ ಅದೇ ಹಡಗಿನ ಒಡಲಿನಲ್ಲಿ ಬೆಂಕಿ ಮರಳಿ ತಲೆಯೆತ್ತಿತು. ಅದಕ್ಕೂ ಒಂದು ವರ್ಷ ಮೊದಲು, 2024ರ ಜುಲೈ 19ರಂದು, ಮುಂದ್ರಾದಿಂದ ಕೊಲಂಬೊಗೆ ಸಾಗುತ್ತಿದ್ದ ‘ಮೇರ್ಸ್ಕ್ ಫ್ರಾಂಕ್‌ಫರ್ಟ್’ ಎಂಬ ಹಡಗು ನಮ್ಮ ಕಾರವಾರದಿಂದ ಸುಮಾರು 50 ನಾವಿಕ ಮೈಲಿ ದೂರದಲ್ಲಿ ಹೊತ್ತಿಕೊಂಡಿದ್ದಿತು. ಅಲ್ಲಿಯೂ ಒಬ್ಬ ನಾವಿಕನ ಪ್ರಾಣ ಹೋಯಿತು.

ಇಂಥ ಹಡಗುಗಳು ಹೊರುವ ಅಪಾಯದ ಸರಕು ಬಗೆಬಗೆಯದು. ಹೊತ್ತಿದ ಹಡಗಿನ ಬೆಂಕಿಯನ್ನೆಲ್ಲ ಒಂದೇ ವಸ್ತುವಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಆದರೂ ಈ ಸರಕುಗಳ ಸಾಲಿನಲ್ಲಿ ಈಚೆಗೆ ಬಂದು ಸೇರಿ, ಸಮುದ್ರದಲ್ಲಿ ಬೆಂಕಿ ಆರಿಸುವ ವಿದ್ಯೆಯನ್ನೇ ಮತ್ತೆ ಮೊದಲಿನಿಂದ ಓದುವಂತೆ ಮಾಡಿರುವ ವಸ್ತುವೊಂದಿದೆ. ಅದು ಲಿಥಿಯಂ ಅಯಾನ್ ಬ್ಯಾಟರಿ. ಓದುಗರ ಕಿಸೆಯಲ್ಲಿರುವ ಮೊಬೈಲಿನಲ್ಲಿ, ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ, ಅಂಗಳದಲ್ಲಿ ನಿಂತ ವಿದ್ಯುತ್ ಸ್ಕೂಟರಿನಲ್ಲಿ ಇರುವುದೂ ಅದೇ.

ಬಜಗೋಳಿಯಲ್ಲಿ ಕುಳಿತು ಸಮುದ್ರದ ಸುದ್ದಿ ಬರೆಯುವುದು ಕೆಲವರಿಗೆ ವಿನೋದವಾಗಿ ಕಂಡೀತು. ಇಲ್ಲಿಗೆ ಕಡಲಿನ ಮೊರೆತ ಕೇಳಿಸದು. ಕಾರ್ಕಳದಿಂದ ಪೂರ್ವಕ್ಕೆ ಬಂದ ರಸ್ತೆ ಇಲ್ಲಿ ಕವಲೊಡೆದು, ಒಂದು ಮಾಳದ ಮಾರ್ಗವಾಗಿ ಕುದುರೆಮುಖದ ಘಟ್ಟವನ್ನೇರುತ್ತದೆ, ಇನ್ನೊಂದು ನಾರಾವಿಯ ಕಡೆಗೆ ಹೊರಳಿ ಧರ್ಮಸ್ಥಳದ ಯಾತ್ರಿಕರನ್ನು ಕೊಂಡೊಯ್ಯುತ್ತದೆ. ಆದರೆ ಮಲೆಗೂ ಕಡಲಿಗೂ ಇರುವ ನಂಟು ಕಣ್ಣಿಗೆ ಕಾಣುವುದಕ್ಕಿಂತ ಹತ್ತಿರದ್ದು. ಕುದುರೆಮುಖದ ಕಬ್ಬಿಣದ ಅದಿರು 2005ರ ಕೊನೆಯವರೆಗೂ ನೀರಿನಲ್ಲಿ ಬೆರೆತು, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಹರಿದು, ಪಣಂಬೂರಿನಲ್ಲಿ ಹಡಗು ಹತ್ತುತ್ತಿದ್ದಿತು. ಇಂದು ನಮ್ಮ ಪೇಟೆಯಲ್ಲಿ ಮಾರಾಟವಾಗುವ ಬ್ಯಾಟರಿಯ ಸಾಮಾನುಗಳಲ್ಲಿ ಬಹುಪಾಲು ಯಾವುದಾದರೊಂದು ಹಂತದಲ್ಲಿ ಸಮುದ್ರವನ್ನು ದಾಟಿ ಬಂದವೇ. ಹೋಗುವುದಕ್ಕೆ ಅದಿರಿದ್ದ ಕಾಲ ಕಳೆದು, ಬರುವುದಕ್ಕೆ ಬ್ಯಾಟರಿಯಿರುವ ಕಾಲ ಬಂದಿದೆ. ಅವುಗಳನ್ನು ತರುವ ಹಡಗುಗಳಲ್ಲಿ ನಮ್ಮ ಜಿಲ್ಲೆಯ ಹುಡುಗರೂ ಇದ್ದಾರೆ.

ಈ ಬ್ಯಾಟರಿ ಮಾರುಕಟ್ಟೆಗೆ ಬಂದುದು 1991ರಲ್ಲಿ. ಅದನ್ನು ರೂಪಿಸಿದ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನ ಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಬ್ಯಾಟರಿಯ ಒಂದೊಂದು ಕೋಶದಲ್ಲಿಯೂ ಎರಡು ಧ್ರುವಗಳಿರುತ್ತವೆ. ಅವೆರಡೂ ತಾಗದಂತೆ ನಡುವೆ ಕಾಗದಕ್ಕಿಂತ ತೆಳುವಾದ ಪ್ಲಾಸ್ಟಿಕ್ಕಿನ ಪೊರೆ. ಸುತ್ತಲೂ ಬೇಗನೆ ಹೊತ್ತಿಕೊಳ್ಳುವಂಥ ದ್ರವ. ಸಂಸಾರ ಸುಸೂತ್ರವಾಗಿ ನಡೆಯುವುದು ಆ ಪೊರೆಯ ಮರ್ಯಾದೆಯ ಮೇಲೆ. ಪೆಟ್ಟು ಬಿದ್ದೋ, ತಯಾರಿಕೆಯ ಲೋಪದಿಂದಲೋ, ಅತಿಯಾಗಿ ಚಾರ್ಜು ಮಾಡಿದುದರಿಂದಲೋ, ಹೊರಗಿನ ಕಾವಿನಿಂದಲೋ ಆ ಪೊರೆ ಕೆಟ್ಟಿತೆಂದರೆ ಒಳಗೆ ಶಾಖ ಹುಟ್ಟುತ್ತದೆ. ಶಾಖವು ರಾಸಾಯನಿಕ ಕ್ರಿಯೆಯನ್ನು ಕೆರಳಿಸುತ್ತದೆ. ಕ್ರಿಯೆಯು ಮತ್ತಷ್ಟು ಶಾಖವನ್ನು ಹುಟ್ಟಿಸುತ್ತದೆ. ಸುಮಾರು 130 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಸಾಮಾನ್ಯ ಪೊರೆ ತಾನೇ ಕರಗಿಹೋಗುತ್ತದೆ. ಅಲ್ಲಿಂದ ಮುಂದೆ ಒಂದು ಕೋಶದ ಉರಿ ಪಕ್ಕದ ಕೋಶಕ್ಕೆ, ಅದರಿಂದ ಅದರ ನೆರೆಗೆ. ತಜ್ಞರು ಇದನ್ನು ‘ಥರ್ಮಲ್ ರನ್‌ಅವೇ’ ಎನ್ನುತ್ತಾರೆ. ಲಗಾಮು ಹರಿದ ಕುದುರೆಯ ಓಟವೆಂದರೆ ನಮಗೆ ಅರ್ಥವಾದೀತು. ಬಡಬೆಯ ಹೆಸರು ಇಲ್ಲಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಸೌದೆಯ ಬೆಂಕಿಗೂ ಇದಕ್ಕೂ ಇರುವ ಭೇದವನ್ನು ಗಮನಿಸಬೇಕು. ಒಲೆಯ ಬಾಯಿಯನ್ನು ಮುಚ್ಚಿದರೆ ಗಾಳಿಯಿಲ್ಲದೆ ಸೌದೆ ನಂದುತ್ತದೆ. ಬ್ಯಾಟರಿಯ ಶಾಖವಾದರೋ ಒಳಗಿನ ರಾಸಾಯನಿಕ ಕ್ರಿಯೆಯಿಂದ ಹುಟ್ಟುವುದು; ಹೊರಗಿನ ಗಾಳಿಯನ್ನು ತಡೆದರೂ ಅದು ತಕ್ಷಣ ನಿಲ್ಲದು. ಕೆಲವು ಜಾತಿಯ ಬ್ಯಾಟರಿಗಳಲ್ಲಿ ಧ್ರುವದ ವಸ್ತುವೇ ಕಾದಾಗ ಆಮ್ಲಜನಕವನ್ನು ಬಿಡುತ್ತದೆ. ಎರಡನೆಯದಾಗಿ, ಕೆಟ್ಟ ಕೋಶದಿಂದ ಹೊರಬರುವ ಬಿಳಿಯ ಹಬೆಯಲ್ಲಿ ಜಲಜನಕ, ಕಾರ್ಬನ್ ಮಾನಾಕ್ಸೈಡು, ಹೈಡ್ರೋಜನ್ ಫ್ಲೋರೈಡು ಮೊದಲಾದ ಅನಿಲಗಳಿರುತ್ತವೆ. ಅದು ವಿಷವೂ ಹೌದು. ಮುಚ್ಚಿದ ಜಾಗದಲ್ಲಿ ಕೂಡಿಕೊಂಡರೆ ಸಿಡಿಮದ್ದೂ ಹೌದು. ಮೂರನೆಯದು ಎಲ್ಲಕ್ಕಿಂತ ವಂಚಕವಾದುದು: ಜ್ವಾಲೆ ಆರಿದ ಗಂಟೆಗಳ ಮೇಲೆ, ಒಮ್ಮೊಮ್ಮೆ ದಿನಗಳ ಮೇಲೆ, ಅದು ಮತ್ತೆ ಹೊತ್ತಿಕೊಳ್ಳಬಲ್ಲದು.

ಇಂಥ ಕಿಚ್ಚನ್ನು ನಡುಗಡಲಿನಲ್ಲಿ ಆರಿಸತಕ್ಕವರು ಯಾರು? ಕಾರ್ಕಳದಲ್ಲಿ ಅಂಗಡಿ ಹೊತ್ತಿಕೊಂಡರೆ ಅಗ್ನಿಶಾಮಕದವರಿಗೆ ಫೋನು ಹೋಗುತ್ತದೆ. ಗಂಟೆ ಬಾರಿಸುತ್ತ ವಾಹನ ಬರುತ್ತದೆ. ಊರಿನ ಜನ ಕೊಡಪಾನ ಹಿಡಿದು ಓಡಿ ಬರುತ್ತಾರೆ. ರಜೆಯಲ್ಲಿ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು, ಈಗ ಸರಕುಹಡಗಿನಲ್ಲಿ ಅಧಿಕಾರಿಯಾಗಿರುವವನನ್ನು, ನಾನು ಇದೇ ಪ್ರಶ್ನೆ ಕೇಳಿದೆ. ಅವನು ನಕ್ಕನು.

“ನಾವು ಯಾರಿಗೆ ಫೋನು ಮಾಡುವುದು ಸಾರ್? ಫೈರ್ ಬ್ರಿಗೇಡು ಅಂದರೆ ನಾವೇ. ಅಡುಗೆಯವನೂ ಅದರಲ್ಲಿ ಒಬ್ಬ.”

“ಎಷ್ಟು ಜನ ಇರುತ್ತೀರಿ ಮಾರಾಯ?”

“ಇಪ್ಪತ್ತು, ಇಪ್ಪತ್ತೆರಡು. ಅದರಲ್ಲಿ ಒಂದಿಬ್ಬರು ಚುಕ್ಕಾಣಿಯ ಹತ್ತಿರ ಬೇಕು, ಇಬ್ಬರು ಮೂವರು ಎಂಜಿನಿನ ಹತ್ತಿರ ಬೇಕು. ಉಳಿದವರಲ್ಲಿ ಎಷ್ಟು ಜನರನ್ನು ಹೊಗೆಯೊಳಗೆ ಕಳುಹಿಸಲಿಕ್ಕೆ ಆಗ್ತದೆ, ನೀವೇ ಲೆಕ್ಕ ಹಾಕಿ.”

ಲೆಕ್ಕ ಕಠಿಣವಾದುದಲ್ಲ. ಹೊಗೆಯೊಳಗೆ ಹೋಗುವವನು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಳ್ಳಬೇಕು. ಅದು ಕಡಿಮೆಯೆಂದರೆ 30 ನಿಮಿಷ ನಡೆಯಬೇಕು, ಇಲ್ಲವೇ 1,200 ಲೀಟರು ಗಾಳಿ ಹಿಡಿಯಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಏದುಸಿರು ಬಿಡುತ್ತ ಕೆಲಸ ಮಾಡುವವನಿಗೆ ಆ ಗಾಳಿ ಬೇಗನೆ ಮುಗಿಯುತ್ತದೆ. ಹೋಗುವುದಕ್ಕೂ ಹಿಂತಿರುಗುವುದಕ್ಕೂ ಅದರಲ್ಲಿಯೇ ಪಾಲು. ಎದುರಿಗೆ ಇರುವುದು ದಿನಗಟ್ಟಲೆ ಉರಿಯಬಲ್ಲ ಬೆಂಕಿ.

ನಾವಿಕರಿಗೆ ತರಬೇತಿಯೇ ಇಲ್ಲವೆಂದು ಇದರ ಅರ್ಥವಲ್ಲ. ಹಡಗಿನ ಕೆಲಸಗಾರರ ಶಿಕ್ಷಣಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಒಪ್ಪಂದ 1978ರಲ್ಲಿಯೇ ಆಯಿತು. 2010ರಲ್ಲಿ ಮನಿಲಾ ನಗರದಲ್ಲಿ ಅದನ್ನು ವಿಸ್ತಾರವಾಗಿ ತಿದ್ದಲಾಯಿತು. ಅದರಂತೆ ಪ್ರತಿಯೊಬ್ಬ ನಾವಿಕನೂ ಹಡಗು ಹತ್ತುವ ಮುನ್ನ ಬೆಂಕಿ ಆರಿಸುವ ಮೊದಲ ಪಾಠವನ್ನು ಕಲಿಯಬೇಕು. ಹೊಗೆ ತುಂಬಿದ ಕೋಣೆಯಲ್ಲಿ ತಡವರಿಸುತ್ತ ಮನುಷ್ಯನನ್ನು ಹುಡುಕಬೇಕು; ಮೆದುಗೊಳವೆಯನ್ನು ಹಿಡಿದು ನಿಜವಾದ ಉರಿಯನ್ನು ಎದುರಿಸಬೇಕು. ಮುಂದಾಳುಗಳಾಗುವವರಿಗೆ ಮೇಲಿನ ತರಗತಿಯ ಪಾಠವುಂಟು. ಐದು ವರ್ಷಕ್ಕೊಮ್ಮೆ ತಮ್ಮ ಕೈ ಮರೆತಿಲ್ಲವೆಂದು ತೋರಿಸಿಕೊಡಬೇಕು. ಹಡಗಿನಲ್ಲಿಯೂ ಪ್ರತಿಯೊಬ್ಬನು ತಿಂಗಳಿಗೊಮ್ಮೆಯಾದರೂ ಬೆಂಕಿಯ ಕವಾಯತಿನಲ್ಲಿ ಭಾಗವಹಿಸಬೇಕು. ಕಾಲಿಗೊಂದರಲ್ಲಿ ಹೆಚ್ಚು ಮಂದಿ ಹೊಸಬರು ಹಡಗು ಹತ್ತಿದ್ದರೆ ಬಂದರು ಬಿಟ್ಟ 24 ಗಂಟೆಯೊಳಗೇ ಕವಾಯತು ನಡೆಯಬೇಕು.

ಇಷ್ಟೆಲ್ಲ ಇದ್ದೂ ತೊಡಕು ಎಲ್ಲಿದೆಯೆಂದರೆ, ಒಪ್ಪಂದವು ಹುಟ್ಟಿದಾಗ ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಯಲ್ಲಿ ಇರಲೇ ಇಲ್ಲ. ಮನಿಲಾದ ತಿದ್ದುಪಡಿಯ ಹೊತ್ತಿಗೆ ಅದು ಮುಖ್ಯವಾಗಿ ಕೈಯಲ್ಲಿ ಹಿಡಿಯುವ ಯಂತ್ರಗಳ ವಸ್ತುವಾಗಿದ್ದಿತು. ಕಾರನ್ನು ಓಡಿಸುವಷ್ಟು ದೊಡ್ಡ ಬ್ಯಾಟರಿಗಳು ಸಾವಿರಗಟ್ಟಲೆಯಾಗಿ ಹಡಗು ಹತ್ತಿದುದು ಅದರ ಬಳಿಕ. ಪಠ್ಯಪುಸ್ತಕ ಹಳೆಯದಾಗಿರುವಾಗ ಪರೀಕ್ಷೆಯಲ್ಲಿ ಹೊಸ ಪ್ರಶ್ನೆ ಬಂದರೆ ವಿದ್ಯಾರ್ಥಿಯ ಪಾಡೇನಾಗುವುದೆಂಬುದನ್ನು ಮೇಷ್ಟರುಗಳು ಬಲ್ಲರು. ಇಲ್ಲಿ ಅನುತ್ತೀರ್ಣನಾದವನಿಗೆ ಮರುಪರೀಕ್ಷೆಯ ಅವಕಾಶವಿಲ್ಲ.

ಹಡಗಿನವರ ಹಳೆಯ ಪಾಠವನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಬಾಗಿಲು ಮುಚ್ಚು, ಗಾಳಿ ತಡೆ, ಇಂಗಾಲದ ಡೈ ಆಕ್ಸೈಡನ್ನು ತುಂಬು, ಕಾಯು. ಇದು ಅನುಭವದಿಂದ ಮೂಡಿದ ಪಾಠ. 1944ರ ಏಪ್ರಿಲ್ 14ರಂದು ಮುಂಬಯಿಯ ದಕ್ಕೆಯಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ಸಿಡಿದುದನ್ನು ಹಿರಿಯರಿಂದ ಕೇಳಿದವರಿರಬಹುದು. ಹತ್ತಿಯ ಬೇಲುಗಳೂ ಸುಮಾರು 1,400 ಟನ್ ಸಿಡಿಮದ್ದೂ ಒಂದೇ ಹಡಗಿನಲ್ಲಿದ್ದವು. ಬೇಲುಗಳ ಒಡಲಲ್ಲಿ ಹೊಗೆಯಾಡುತ್ತಿದ್ದ ಬೆಂಕಿ ಎಲ್ಲಿದೆಯೆಂದು ಮೇಲೆ ನಿಂತು ನೀರು ಸುರಿಯುವವರಿಗೆ ಕಾಣಲಿಲ್ಲ. ಮುಂಬಯಿ ಅಗ್ನಿಶಾಮಕ ದಳದ 66 ಮಂದಿ ಅಂದು ಪ್ರಾಣ ತೆತ್ತರು. ಅವರ ನೆನಪಿಗಾಗಿಯೇ ಏಪ್ರಿಲ್ 14 ನಮ್ಮ ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವಾಗಿದೆ. ಸರಕಿನ ಬೆಂಕಿ ಕಣ್ಣಿಗೆ ಮರೆಯಾಗಿ ಬೆಳೆಯುತ್ತದೆ, ಅದರ ಪಕ್ಕದಲ್ಲಿ ಏನಿದೆಯೆಂಬ ಅರಿವೇ ಮೊದಲ ಆಯುಧ ಎಂಬ ಪಾಠವನ್ನು ಆ ದಿನ ಕಲಿಸಿತು.

ಹೊಸ ಕಿಚ್ಚು ಈ ಹಳೆಯ ಪಾಠವನ್ನು ಸುಳ್ಳು ಮಾಡಿಲ್ಲ. ಅದಕ್ಕೆ ಇನ್ನಷ್ಟು ಅಧ್ಯಾಯಗಳನ್ನು ಸೇರಿಸಿದೆ.

ಮೊದಲನೆಯ ಅಧ್ಯಾಯ ಗುರುತಿಸುವುದು. ಬ್ಯಾಟರಿ ಜ್ವಾಲೆಯಾಗಿ ಏಳುವ ಮುನ್ನ ಕಾವೇರುತ್ತದೆ, ಉಬ್ಬುತ್ತದೆ, ಸಿಡಿಯುವ ಸದ್ದು ಮಾಡುತ್ತದೆ, ಬಿಳಿಯ ಹಬೆಯನ್ನು ಕಾರುತ್ತದೆ. ಈ ಹಬೆಯನ್ನು ಬರಿಯ ಹೊಗೆಯೆಂದು ಬಗೆದು ಬಾಗಿಲು ತೆರೆದು ಇಣುಕಿದವನು ಸ್ಫೋಟಕ್ಕೆ ಮುಖ ಕೊಟ್ಟಂತೆ. ಶಾಖವನ್ನು ದೂರದಿಂದ ತೋರಿಸುವ ಕ್ಯಾಮೆರಾವನ್ನು ಹಿಡಿದು ಗೋಡೆಯ ಹೊರಗಿನಿಂದಲೇ ಒಳಗಿನ ಕಾವನ್ನು ಓದಲು ನಾವಿಕನು ಕಲಿಯಬೇಕು. ವೈದ್ಯನು ನಾಡಿ ಹಿಡಿದು ಜ್ವರವನ್ನು ಅರಿಯುವಂತೆ ಇದೂ ಒಂದು ನಾಡಿಪರೀಕ್ಷೆ.

ಎರಡನೆಯದು ನೀರು. ಲಿಥಿಯಂ ಲೋಹವು ನೀರು ತಾಗಿದರೆ ಕೆರಳುತ್ತದೆಂದು ಶಾಲೆಯಲ್ಲಿ ಓದಿದವರು, ಇಲ್ಲಿ ನೀರನ್ನು ಬಳಸಲೇಬಾರದೆಂದು ತಿಳಿಯುತ್ತಾರೆ. ಈ ಬ್ಯಾಟರಿಗಳಲ್ಲಿ ಲಿಥಿಯಂ ಇರುವುದು ಬಹುಮಟ್ಟಿಗೆ ಸಂಯುಕ್ತ ರೂಪದಲ್ಲಿ. ಅದರ ಕಾವನ್ನು ಇಳಿಸಲು ನೀರಿಗಿಂತ ಒಳ್ಳೆಯ ಮದ್ದು ಸುಲಭವಾಗಿ ದೊರೆಯದು. ಆದರೆ ಅದನ್ನು ಧಾರಾಳವಾಗಿಯೂ ಬಹಳ ಹೊತ್ತೂ ಸುರಿಯಬೇಕು. ಉರಿಯುವ ಪೆಟ್ಟಿಗೆಗಿಂತ ಅದರ ಸುತ್ತಲಿನ ಪೆಟ್ಟಿಗೆಗಳನ್ನೂ ಉಕ್ಕಿನ ಗೋಡೆಗಳನ್ನೂ ತಂಪಾಗಿಡುವುದೇ ಹಲವು ವೇಳೆ ಮುಖ್ಯವಾದ ಕೆಲಸ. 2016ರ ಜನವರಿ 1ರಿಂದೀಚೆಗೆ ಕಟ್ಟಿದ ಕಂಟೇನರು ಹಡಗುಗಳಲ್ಲಿ, ಪೆಟ್ಟಿಗೆಯ ಗೋಡೆಯನ್ನು ತಿವಿದು ಒಳಗೆ ತುಂತುರು ನೀರು ಚಿಮ್ಮಿಸುವ ಭರ್ಜಿಯಂಥ ಕೊಳವೆ ಇರಲೇಬೇಕೆಂಬ ವಿಧಿಯುಂಟು. ಭರ್ಜಿ ಇದ್ದರೆ ಸಾಲದು. ಐದು ಆರು ಅಂತಸ್ತು ಎತ್ತರದ ಪೆಟ್ಟಿಗೆಗೆ ಅದನ್ನು ಹೇಗೆ ಮುಟ್ಟಿಸುವುದೆಂದು ಕೈಗೆ ಅಭ್ಯಾಸವಿರಬೇಕು. ಜೊತೆಗೆ, ಸುರಿದ ನೀರು ಹಡಗಿನೊಳಗೇ ನಿಂತರೆ ಹಡಗು ವಾಲುವುದು. ಬೆಂಕಿಯಿಂದ ಉಳಿದ ಹಡಗನ್ನು ನೀರಿನಿಂದ ಕಳೆದುಕೊಳ್ಳದಂತೆ ಲೆಕ್ಕವಿಡುವವನೂ ಒಬ್ಬನಿರಬೇಕು.

ಮೂರನೆಯದು ತಾಳ್ಮೆ. 2023ರ ಡಿಸೆಂಬರಿನಲ್ಲಿ ವಿಯೆಟ್ನಾಮಿನಿಂದ ಅಮೆರಿಕದ ಸ್ಯಾನ್ ಡಿಯಾಗೊಗೆ ಲಿಥಿಯಂ ಅಯಾನ್ ಬ್ಯಾಟರಿಗಳನ್ನೇ ಹೇರಿಕೊಂಡು ಹೊರಟಿದ್ದ ‘ಜೀನಿಯಸ್ ಸ್ಟಾರ್ ಹನ್ನೊಂದು’ ಎಂಬ ಹಡಗಿನ ಸರಕುಕೋಣೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಅದರಲ್ಲಿದ್ದ 19 ಮಂದಿ ಕೋಣೆಯನ್ನು ಭದ್ರವಾಗಿ ಮುಚ್ಚಿ, ಇಂಗಾಲದ ಡೈ ಆಕ್ಸೈಡು ತುಂಬಿ, ಅಲಾಸ್ಕಾದ ಡಚ್ ಹಾರ್ಬರಿನ ಕಡೆಗೆ ಹಡಗನ್ನು ನಡೆಸಿದರು. ಬಂದರಿಗೆ ಹತ್ತಿರವಾದ ಮೇಲೂ ಆತುರಪಟ್ಟು ಬಾಗಿಲು ತೆರೆಯದೆ, ದೂರದಲ್ಲಿ ಲಂಗರು ಹಾಕಿ, ಕಾವು ಇಳಿಯುವುದನ್ನು ಕಾದುಕೊಂಡಿದ್ದರು. ಒಬ್ಬನಿಗೂ ಗಾಯವಾಗಲಿಲ್ಲ. ಅನಿಲವು ಜ್ವಾಲೆಯನ್ನು ಅದುಮುತ್ತದೆ, ಶಾಖವನ್ನು ತೆಗೆಯುವುದಿಲ್ಲ. ಆದ್ದರಿಂದ ಅನಿಲ ತುಂಬಿದೊಡನೆ ಗೆದ್ದೆವೆಂದು ಕೋಣೆ ತೆರೆದರೆ ಹೊಸ ಗಾಳಿ ಹೊಕ್ಕು ಉರಿ ಮತ್ತೆ ಏಳುತ್ತದೆ. ಹಡಗಿನಲ್ಲಿ ಅನಿಲದ ಸಂಗ್ರಹ ಮಿತವಾದುದು. ನಡುಗಡಲಿನಲ್ಲಿ ಅದನ್ನು ಮರಳಿ ತುಂಬಿಸಿಕೊಳ್ಳುವಂತಿಲ್ಲ. ಕೋಣೆಯೊಳಗೆ ಮನುಷ್ಯನೊಬ್ಬ ಉಳಿದಿದ್ದರೆ ಅದೇ ಅನಿಲ ಅವನನ್ನು ಕೊಲ್ಲುತ್ತದೆ. ಆದುದರಿಂದ ಕೀಲಿಯನ್ನು ತಿರುಗಿಸುವ ಮುನ್ನ ತಲೆಗಳನ್ನು ಎಣಿಸುವುದು, ತಿರುಗಿಸಿದ ಬಳಿಕ ಸುಮ್ಮನೆ ಕಾಯುವುದು, ಇವೆರಡೂ ಕಲಿಯಬೇಕಾದ ವಿದ್ಯೆಗಳೇ.

ನಾಲ್ಕನೆಯ ಅಧ್ಯಾಯ ಎಲ್ಲಕ್ಕಿಂತ ಕಷ್ಟದ್ದು. ಅದರ ಹೆಸರು ಹಿಂದೆಗೆಯುವುದು. 2023ರ ಜುಲೈಯಲ್ಲಿ ನೆದರ್ಲೆಂಡ್ಸಿನ ತೀರದಾಚೆ 3,783 ವಾಹನಗಳನ್ನು ಹೊತ್ತಿದ್ದ ‘ಫ್ರೀಮ್ಯಾಂಟಲ್ ಹೈವೇ’ ಎಂಬ ಹಡಗು ಹೊತ್ತಿತು. ಬೆಂಕಿ ಎಷ್ಟು ಬೇಗ ಹಬ್ಬಿತೆಂದರೆ ಏಳು ಮಂದಿ ಆ ಎತ್ತರದ ಹಡಗಿನಿಂದ ಕತ್ತಲೆಯ ಕಡಲಿಗೆ ಧುಮುಕಿದರು. ಅಂದು ಮಡಿದವನೊಬ್ಬ ಭಾರತೀಯ ನಾವಿಕ. ಇದರೊಡನೆ ಇನ್ನೆರಡು ಘಟನೆಗಳನ್ನು ಇಟ್ಟು ನೋಡಬೇಕು. 2022ರ ಫೆಬ್ರವರಿಯಲ್ಲಿ ಸುಮಾರು 4,000 ಕಾರುಗಳೊಡನೆ ‘ಫೆಲಿಸಿಟಿ ಏಸ್’ ಅಟ್ಲಾಂಟಿಕ್ ಸಾಗರದಲ್ಲಿ ಹೊತ್ತಿ, ಮಾರ್ಚ್ 1ರಂದು ಮುಳುಗಿತು. ಅದರ 22 ಮಂದಿಯೂ ಬದುಕಿದರು. ‘ವಾನ್ ಹೈ’ ಹೊತ್ತುವ ಆರೇ ದಿನ ಮೊದಲು, 2025ರ ಜೂನ್ 3ರಂದು, ಸುಮಾರು 3,000 ವಾಹನಗಳಿದ್ದ ‘ಮಾರ್ನಿಂಗ್ ಮಿಡಾಸ್’ ಅಲಾಸ್ಕಾದ ಕಡೆ ಬೆಂಕಿಗೆ ಸಿಕ್ಕಿತು. ಅಲ್ಲಿಯ 22 ಮಂದಿ ಅನಿಲವನ್ನು ಬಿಟ್ಟು ನೋಡಿ, ಅದು ಸಾಲದೆಂದು ಕಂಡಾಗ ದೋಣಿಗೆ ಇಳಿದರು. ಹತ್ತಿರದಲ್ಲಿದ್ದ ಬೇರೊಂದು ಹಡಗು ಅವರೆಲ್ಲರನ್ನೂ ಎತ್ತಿಕೊಂಡಿತು. ಆ ಹಡಗೂ ಜೂನ್ 23ರಂದು ಮುಳುಗಿತು. ಎರಡು ಹಡಗುಗಳು ಹೋದವು. 44 ಮನೆಗಳಿಗೆ ಮನುಷ್ಯರು ಮರಳಿದರು. ವ್ಯಾಪಾರದ ಖಾತೆಯಲ್ಲಿ ಇದು ನಷ್ಟ. ಅವರ ಮನೆಯವರು ಇದನ್ನು ಹಾಗೆನ್ನಲಾರರು.

ಹಡಗನ್ನು ಕೊನೆಯವರೆಗೂ ಬಿಡದಿರುವುದೇ ನಾವಿಕನ ಧರ್ಮವೆಂದು ನಾವೆಲ್ಲ ಕಥೆಗಳಲ್ಲಿ ಓದಿ ಬೆಳೆದವರು. ವೀರನು ರಣದಿಂದ ಬೆನ್ನು ತಿರುಗಿಸಬಾರದೆಂದು ಸಾರುವ ವೀರಗಲ್ಲುಗಳ ನಾಡು ನಮ್ಮದು. ಆದರೆ ವೀರಗಲ್ಲಿನ ವೀರನಿಗೆ ಎದುರಾಳಿ ಕಣ್ಣಿಗೆ ಕಾಣುತ್ತಿದ್ದನು. ಗೆಲ್ಲುವ ಆಸೆಯೂ ಇದ್ದಿತು. ಅರ್ಧ ಗಂಟೆಯ ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು, ಸಾಲುಸಾಲಾಗಿ ಒತ್ತಿ ನಿಲ್ಲಿಸಿದ ಸಾವಿರಾರು ಕಾರುಗಳ ನಡುವೆ ವಿಷದ ಹಬೆಯೊಳಗೆ ನುಗ್ಗುವುದನ್ನು ಪರಾಕ್ರಮವೆಂದು ಹೊಗಳುವುದು ದಡದಲ್ಲಿ ಕುಳಿತವರಿಗೆ ಸುಲಭ. ಎಲ್ಲಿಯವರೆಗೆ ಎದುರಿಸಬೇಕು, ಯಾವ ಗುರುತು ಕಂಡಾಗ ಹಿಂದೆಗೆಯಬೇಕು ಎಂಬುದನ್ನು ಮೊದಲೇ ನಿರ್ಣಯಿಸಿ, ಅದನ್ನು ಕವಾಯತಿನಲ್ಲಿ ಆಡಿಸಿ, ಆಜ್ಞೆ ಕೊಡುವ ಕಪ್ತಾನನಿಗೆ ಆ ನಿರ್ಣಯಕ್ಕಾಗಿ ಯಾರೂ ಮುಂದೆ ಮುಖ ಗಂಟಿಕ್ಕದಂತೆ ಭರವಸೆ ಕೊಡದೆ ಹೋದರೆ ತರಬೇತಿ ಅರೆಬೆಂದಂತೆಯೇ ಸರಿ. ಹಿಂದೆಗೆಯುವ ಧೈರ್ಯವೂ ಕಲಿತೇ ಬರಬೇಕಾದ ಧೈರ್ಯ.

ಇಷ್ಟನ್ನು ಓದಿದವರು ವಿದ್ಯುತ್ ವಾಹನಗಳೇ ಬೇಡವೆಂದು ಕೈಮುಗಿಯುವ ಅಗತ್ಯವಿಲ್ಲ. ಪೆಟ್ರೋಲಿನ ಕಾರುಗಳೂ ಉರಿಯುತ್ತವೆ, ಚೆನ್ನಾಗಿಯೇ ಉರಿಯುತ್ತವೆ. ‘ಫ್ರೀಮ್ಯಾಂಟಲ್ ಹೈವೇ’ಯಲ್ಲಿ 498 ವಿದ್ಯುತ್ ಕಾರುಗಳಿದ್ದವು, ಬೆಂಕಿಗೆ ಅವೇ ಕಾರಣವೆಂದು ಲೋಕವೆಲ್ಲ ಆಡಿಕೊಂಡಿತು. ಹಡಗನ್ನು ಬಂದರಿಗೆ ಎಳೆದು ತಂದು ನೋಡಿದರೆ ಕೆಳಗಿನ ಅಂತಸ್ತುಗಳಲ್ಲಿ ಬೆಂಕಿ ತಾಗದೆ ಉಳಿದ ವಾಹನಗಳಲ್ಲಿ ವಿದ್ಯುತ್ ಕಾರುಗಳೂ ಬಹಳ ಇದ್ದವು. ಬ್ಯಾಟರಿ ಖಳನಾಯಕನಲ್ಲ, ಅದರ ಸ್ವಭಾವ ಬೇರೆ, ಅಷ್ಟೆ. ಸ್ವಭಾವವನ್ನು ಅರಿತವನೊಡನೆ ಆನೆಯೂ ಬಾಳುತ್ತದೆ.

ಆ ಅರಿವು ಹಡಗಿನವನಿಗೆ ತಲುಪುವುದು ಒಂದು ಕಾಗದದ ಮೂಲಕ, ಎಂದರೆ ಸರಕಿನ ಪಟ್ಟಿಯ ಮೂಲಕ. ಅಪಾಯದ ಸರಕುಗಳಿಗೆಂದು ಅಂತರರಾಷ್ಟ್ರೀಯ ಸಂಹಿತೆಯೊಂದಿದೆ. ಅದರ ಒಂಬತ್ತು ವರ್ಗಗಳಲ್ಲಿ ಲಿಥಿಯಂ ಬ್ಯಾಟರಿಗೆ ದೊರೆತಿರುವುದು ಒಂಬತ್ತನೆಯದು, ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಇತ್ಯಾದಿ’ ಎಂಬ ವರ್ಗ. ಇತ್ಯಾದಿಯಾದರೂ ಹೆಸರು ಹೇಳಿ, ಅಂಕಿ ಬರೆದು, ಚೀಟಿ ಅಂಟಿಸಿ ಕಳುಹಿಸಿದರೆ ಹಡಗಿನವರು ಅದನ್ನು ಕಾವಿನಿಂದ ದೂರದಲ್ಲಿ, ಕೈಗೆ ಎಟುಕುವಲ್ಲಿ ಇಡಬಲ್ಲರು. 2020ರ ಜನವರಿಯಲ್ಲಿ ಚೀನದ ನಾನ್‌ಶಾ ಬಂದರಿನಿಂದ ನಮ್ಮ ನಾವಾ ಶೇವಾಕ್ಕೆ ಬರುತ್ತಿದ್ದ ‘ಕಾಸ್ಕೊ ಪೆಸಿಫಿಕ್’ ಹಡಗಿನಲ್ಲಿ ಒಂದು ಕಂಟೇನರು ಹೊತ್ತಿಕೊಂಡಿತು. ಅದರೊಳಗೆ ಇದ್ದುದು ಲಿಥಿಯಂ ಬ್ಯಾಟರಿ. ಪಟ್ಟಿಯಲ್ಲಿ ಬರೆದಿದ್ದುದು ಬಿಡಿಭಾಗಗಳು ಮತ್ತು ಉಪಕರಣಗಳು ಎಂದು! ಮರುವರ್ಷ ಅಮೆರಿಕದಲ್ಲಿ ವರ್ಜೀನಿಯಾದ ಬಂದರಿಗೆ ಲಾರಿಯಲ್ಲಿ ಹೋಗುತ್ತಿದ್ದ ಕಂಟೇನರೊಂದು ಹೆದ್ದಾರಿಯಲ್ಲಿಯೇ ಉರಿದುಹೋಯಿತು. ಒಳಗಿದ್ದ ಹಳೆಯ ಬ್ಯಾಟರಿಗಳನ್ನು ಕಂಪ್ಯೂಟರಿನ ಭಾಗಗಳೆಂದು ಬರೆಯಲಾಗಿದ್ದಿತು. ಕೆಲವು ಗಂಟೆ ತಡೆದು, ಹಡಗು ಹತ್ತಿದ ಮೇಲೆ ಅದು ಹೊತ್ತಿದ್ದರೆ?

ಸುಳ್ಳು ಬರೆಯುವುದಕ್ಕೆ ಕಾರಣ ಗೂಢವಾದುದೇನಲ್ಲ. ಅಪಾಯದ ಸರಕೆಂದು ಒಪ್ಪಿಕೊಂಡರೆ ಕಟ್ಟುನಿಟ್ಟು ಹೆಚ್ಚು, ಬಾಡಿಗೆ ಹೆಚ್ಚು, ತಡ ಹೆಚ್ಚು. ಬಿಡಿಭಾಗವೆಂದು ಬರೆದರೆ ನಾಲ್ಕು ಕಾಸು ಉಳಿಯುತ್ತದೆ. ಈ ನಾಲ್ಕು ಕಾಸಿನ ಮುಂದೆ ಐದು ವರ್ಷದ ತರಬೇತಿಯೂ ತಿಂಗಳ ಕವಾಯತೂ ವ್ಯರ್ಥ. ಪೆಟ್ಟಿಗೆಯಲ್ಲಿ ಏನಿದೆಯೆಂದು ತಿಳಿಯದವನಿಗೆ ನೀರು ಸುರಿಯಬೇಕೋ ಅನಿಲ ತುಂಬಬೇಕೋ ಓಡಬೇಕೋ ತಿಳಿಯುವುದು ಹೇಗೆ? 1944ರಲ್ಲಿ ಮುಂಬಯಿಯ ಅಗ್ನಿಶಾಮಕರಿಗೆ ಬೆಂಕಿ ಕಾಣದಿದ್ದುದು ಹತ್ತಿಯ ಮರೆಯಿಂದ. ಇಂದು ಅದು ಕಾಗದದ ಮರೆಯಿಂದ.

ಇಲ್ಲಿಯೇ ನಮ್ಮ ನಿಮ್ಮ ಪಾಲೂ ಬರುತ್ತದೆ. ಪರದೇಶದಲ್ಲಿರುವ ಮಗನಿಗೆ ಸಾಮಾನು ಕಳುಹಿಸುವಾಗ ಬಟ್ಟೆಯ ನಡುವೆ ಹಳೆಯ ಬ್ಯಾಟರಿಯನ್ನು ತುರುಕಿ ‘ಮನೆಸಾಮಾನು’ ಎಂದು ಬರೆಯುವುದೂ ಆ ಜಾತಿಯ ಸುಳ್ಳೇ. ಉಬ್ಬಿದ ಬ್ಯಾಟರಿಯನ್ನು ಹಳೆಯ ಸಾಮಾನಿನವನ ಚೀಲಕ್ಕೆ ಸುಮ್ಮನೆ ಎಸೆದರೆ ಅದು ಎಲ್ಲೆಲ್ಲಿಯೋ ಸುತ್ತಿ ಯಾವುದೋ ಕಂಟೇನರನ್ನು ಸೇರಬಹುದು. ಮಾರುವವರಿಗೆ ಹಿಂತಿರುಗಿಸುವುದಕ್ಕೆ ಸ್ವಲ್ಪ ನಡೆಯಬೇಕಾದೀತು, ನಡೆದರೆ ತಪ್ಪೇನು?

ಇನ್ನು ಕವಾಯತಿನ ಮಾತು. ನನ್ನ ವಿದ್ಯಾರ್ಥಿಯನ್ನು ಹೊರಡುವಾಗ ಕೇಳಿದೆ, “ತಿಂಗಳಿಗೊಮ್ಮೆ ಮಾಡುವ ಕವಾಯತಿನಲ್ಲಿ ಬ್ಯಾಟರಿಯ ಬೆಂಕಿಯನ್ನು ಅಭ್ಯಾಸ ಮಾಡುತ್ತೀರೋ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. “ಒಳ್ಳೆಯ ಕಪ್ತಾನ ಸಿಕ್ಕಿದರೆ ಮಾಡಿಸ್ತಾರೆ ಸಾರ್. ಇಲ್ಲದಿದ್ದರೆ ಗಂಟೆ ಹೊಡೆದ ಕೂಡಲೇ ಸಾಲಾಗಿ ನಿಲ್ಲುವುದು, ಮೆದುಗೊಳವೆ ಬಿಡಿಸುವುದು, ಫೋಟೋ ತೆಗೆಯುವುದು, ಸಹಿ ಹಾಕುವುದು.”

ಸಹಿಗಾಗಿ ನಡೆಯುವ ಪಾಠ ಎಂಥದೆಂದು ಶಿಕ್ಷಣ ಇಲಾಖೆಯ ಅನ್ನ ಉಂಡವರಿಗೆ ವಿವರಿಸಬೇಕಾಗಿಲ್ಲ. ಆದರೆ ಕಾಟಾಚಾರದ ಪಾಠದಿಂದ ನಮ್ಮಲ್ಲಿ ಕೆಡುವುದು ಒಂದು ವರ್ಷ. ಅಲ್ಲಿ ಕೆಡುವುದು ಒಂದು ಮನೆ. ಭಾರತವು ಲೋಕದ ಹಡಗುಗಳಿಗೆ ನಾವಿಕರನ್ನು ಒದಗಿಸುವ ಮುಂಚೂಣಿಯ ದೇಶಗಳಲ್ಲಿ ಒಂದು. ಹಡಗಿನ ಶಿಕ್ಷಣದ ಒಪ್ಪಂದವನ್ನು ಸಮಗ್ರವಾಗಿ ಪರಿಷ್ಕರಿಸುವ ಕಾರ್ಯಕ್ಕೆ ಅಂತರರಾಷ್ಟ್ರೀಯ ಸಂಸ್ಥೆ ಕೈಹಾಕಿದೆ. ಹೊಸ ಪಠ್ಯದಲ್ಲಿ ಈ ನಾಲ್ಕು ಅಧ್ಯಾಯಗಳೂ ಕಡ್ಡಾಯವಾಗಿ ಇರಬೇಕೆಂದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಕೇಳುವ ಹಕ್ಕು ನಮ್ಮ ದೇಶಕ್ಕೆ ಇದೆ. ಕೇಳುವ ಕರ್ತವ್ಯವೂ ಇದೆ. ಪಠ್ಯ ಬರುವವರೆಗೆ ನಮ್ಮ ನೌಕಾಶಿಕ್ಷಣದ ಶಾಲೆಗಳು ಕಾಯಬೇಕಾಗಿಲ್ಲ. ಹಬೆಯ ಗುರುತು, ನೀರಿನ ಅಳತೆ, ಮುಚ್ಚಿ ಕಾಯುವ ಸಹನೆ, ಹಿಂದೆಗೆಯುವ ಗೆರೆ, ಇವುಗಳನ್ನು ನಾಳೆಯ ತರಗತಿಯಲ್ಲಿಯೇ ಹೇಳಿಕೊಡಬಹುದು.

ಕಾಪುವಿನ ದೀಪಸ್ತಂಭವು 1901ರಿಂದ ಕಡಲಿಗೆ ಬೆಳಕು ತೋರಿಸುತ್ತಿದೆ. ದಾರಿ ತಪ್ಪದಂತೆ ಕಾಯುವ ಬೆಳಕನ್ನು ನಾವು ದಡದಲ್ಲಿ ಕಟ್ಟಿ ನಿಲ್ಲಿಸಿದೆವು. ಹಡಗಿನವನು ಅದನ್ನು ನಂಬಿ ನಡೆದನು. ಇಂದು ಅವನು ದಡದಿಂದ ಬಯಸುವ ಬೆಳಕು ಇನ್ನೂ ಎರಡು: ತಕ್ಕ ಪಾಠ, ಸುಳ್ಳಿಲ್ಲದ ಪಟ್ಟಿ. ಜೂನ್ 9ರ ರಾತ್ರಿ ಪಣಂಬೂರಿನಲ್ಲಿ ಇಳಿದವರನ್ನು ಎಣಿಸಿದಾಗ ಲೆಕ್ಕ ಹದಿನೆಂಟಕ್ಕೆ ನಿಂತಿತು. ಮುಂದಿನ ಸಲ ಯಾವ ಬಂದರಿನಲ್ಲಿಯೇ ಆಗಲಿ, ಹತ್ತಿದವರಷ್ಟೂ ಮಂದಿ ಇಳಿಯುವಂತಾಗಬೇಕು.